ಖತಿಜಾಬಿಯ ಎದುರಾಳಿ

"ನಿಲ್ಲಸ್ರಿ! ನನ್ನ ಅಣಕಸಾಕ ಕರಸೀರೇನು ಇಲ್ಲಿಗೆ?"

ಖತಿಜಾಬಿ ಡಪ್ಪನ್ನು ಜಮಖಾನೆಯ ಮೇಲೆ ಬಡಿದಿಟ್ಟು ಎದ್ದು ನಿಂತಾಗ ರಾಮದುರ್ಗದ ಆ ಕಲ್ಯಾಣ ಮಂಟಪದಲ್ಲಿ ತಾಲೀಮಿಗೆ ಕೂಡಿದ್ದವರೆಲ್ಲ ತಬ್ಬಿಬ್ಬಾದರು. ಮುಂಬೈಯಿಂದ ಬಂದಿದ್ದ ಡ್ರಮ್ಮಿನ ಹುಡುಗ ಎತ್ತಿದ ಕೋಲನ್ನು ಇಳಿಸಲಿಲ್ಲ. ಕೀಬೋರ್ಡಿನ ಹುಡುಗಿ ತಪ್ಪು ತನ್ನದೇನೋ ಎಂದು ಬೆರಳುಗಳನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. ತಪ್ಪು ಅವಳದಾಗಿರಲಿಲ್ಲ. ಸ್ಯಾಕ್ಸೊಫೋನ್ ಬಾಯಿಂದ ತೆಗೆದು, ಏನಾಯಿತೆಂದು ತಿಳಿಯದೆ, ಡರ್ಬನ್ನಿನಿಂದ ಬಂದ ಸಿಫೊ ಎಂಬ ಐವತ್ತು ದಾಟಿದ ಆ ಮನುಷ್ಯ ನಗುತ್ತ ನಿಂತಿದ್ದ. ಅವನ ನಗು ಖತಿಜಾಬಿಯ ಮೈಗೆ ಬೆಂಕಿ ಹಚ್ಚಿತು.

"ನೋಡ್ರಿ, ಮ್ಯಾಲ ನಗತಾನ ನೋಡ್ರಿ! ಹಲ್ಲು ಕಿಸೀತಾನ!"

ಕಾರ್ಯಕ್ರಮ ಕಟ್ಟುತ್ತಿದ್ದವನು ಗೌರೀಶ. ಧಾರವಾಡದ ಹುಡುಗ, ಜಾಜ್ ಸಂಗೀತಕ್ಕೆ ನಮ್ಮ ಕಡೆಯ ಹಾಡು ಕೂಡಿಸಿ ಊರೂರು ತಿರುಗಿಸುತ್ತಾನೆ. ಅವನು ಓಡಿ ಬಂದು ಕೈಮುಗಿದ.

"ಅವ್ವಾರ, ಅವರು ಅಣಕಸಿಲ್ರಿ. ನೀವು ಹಾಡಿದ್ದನ್ನ ಹಂಗಽ ತಿರುಗಿ ಊದಿದ್ರು. ಅದು ಮೆಚ್ಚಿಗಿರಿ."

"ಹಂಗಽ ಊದೂದಽ ಅಣಕ, ತಮ್ಮಾ. ನಿನಗ ತಿಳೀಲಿಲ್ಲಂದ್ರ ನಿಮ್ಮವ್ವಗ ಕೇಳು." ಅವಳು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಹಿಮ್ಮೇಳದ ಸೋಮವ್ವ ತುಂತುಣಿಯನ್ನು ಕಂಕುಳಲ್ಲಿ ಇರುಕಿಕೊಂಡು, ಬಾಗಿಲಲ್ಲಿ ಇಟ್ಟಿದ್ದ ಚಹದ ಕಿಟ್ಲಿಯ ಕಡೆ ಒಮ್ಮೆ ಆಸೆಯಿಂದ ನೋಡಿ, ಬೆನ್ನು ಹತ್ತಿದಳು. "ಚಾ ಕುಡದ ಮ್ಯಾಲರೆ ಸಿಟ್ಟಾಗಬೇಕಿತ್ತು ಬೇ," ಎಂದು ಅವಳು ಗೊಣಗಿದ್ದು ಬಸ್ ಸ್ಟ್ಯಾಂಡಿನ ತನಕ ಮುಗಿಯಲಿಲ್ಲ.

ಖತಿಜಾಬಿಗೆ ಅಷ್ಟು ಸಿಟ್ಟು ಬರಲು ಕಾರಣವಿತ್ತು. ಅವಳು ನಾಗೇಸಿ ಹಾಡಿನವಳು. ಹರದೇಸಿ-ನಾಗೇಸಿ ಹಾಡಕಿ ಕೇಳದವರಿಗೆ ಹೇಳುವುದಾದರೆ ಇಷ್ಟು: ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಗಂಡು ಹೆಚ್ಚು ಎಂದು ಹರದೇಸಿಯವರು ಹಾಡಬೇಕು, ಹೆಣ್ಣು ಹೆಚ್ಚು ಎಂದು ನಾಗೇಸಿಯವರು. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಅದೇ ಧಾಟಿಯಲ್ಲಿ ಜವಾಬು ಕೊಡಬೇಕು. ಪುರಾಣ ಬರುತ್ತದೆ, ಲೆಕ್ಕವಿಲ್ಲದಷ್ಟು ಬೈಗುಳವೂ ಬರುತ್ತದೆ, ಹಿಂದಿನವರು ತುಂತುಣಿ ಮೀಟುತ್ತ 'ಗೀ ಗೀ' ಎನ್ನುತ್ತಾರೆ. ಜವಾಬು ಹೊಳೆಯದವನು ಸೋತ. ಆದರೆ ಸೋಲಿಗಿಂತ ಕೆಟ್ಟದ್ದೊಂದಿದೆ. ನೀವು ಹಾಕಿದ ಸವಾಲಿನ ಮಾತು ಬಿಟ್ಟು ಎದುರಿನವನು ಬರೀ ರಾಗವನ್ನು ಗುನುಗಿ ತೋರಿಸಿದನೆಂದರೆ, 'ನಿನ್ನ ಹಾಡಿನಾಗ ಹುರುಳಿಲ್ಲ, ಏನಂತ ಜವಾಬು ಕೊಡಲಿ' ಎಂದು ಅರ್ಥ. ಹಿಂದೆ ಹಾಗೆ ಗುನುಗಿದವರ ತಲೆಯೊಡೆದದ್ದೂ ಉಂಟು. ಈ ಪಾಪದ ಸಿಫೊ ಹಿತ್ತಾಳೆಯ ವಾದ್ಯ ಹಿಡಿದು, ಮಾತಿಲ್ಲದ ರಾಗವನ್ನು, ಇದ್ದುದು ಇದ್ದಂತೆ, ನಗುತ್ತ ನಗುತ್ತ ತಿರುಗಿ ಊದಿದ್ದ.

ಸಿಟ್ಟಿಗಿಂತ ಹೆಚ್ಚಾಗಿ ಅವಳಿಗೆ ಸಂಕಟವಾಗಿತ್ತು. ಎಷ್ಟೋ ವರ್ಷದ ಮೇಲೆ ಗೂಟದಿಂದ ಡಪ್ಪು ಕೆಳಗಿಳಿಸಿದ್ದಳು. ಎದುರಾಳಿಯಿಲ್ಲದ ನಾಗೇಸಿಯನ್ನು ಯಾರು ಕರೆಯುತ್ತಾರೆ? ಹರದೇಸಿ ಹಾಡುವವರು ಒಬ್ಬೊಬ್ಬರೇ ಮಣ್ಣಾದರು, ಕೆಲವರು ಭಜನೆಗೆ ಹೋದರು. ಅವಳ ಸ್ವಂತ ಎದುರಾಳಿ, ಸಾಲಹಳ್ಳಿಯ ನಿಜಗುಣಪ್ಪ, ಗಂಟಲಿನ ಆಪರೇಶನ್ ಆದ ಮೇಲೆ ದನಿಯನ್ನೇ ಕಳೆದುಕೊಂಡ. ಅಂದಿನಿಂದ ಅವಳು ಸುರೇಬಾನದ ಬಸ್ ಸ್ಟ್ಯಾಂಡಿನ ಪಕ್ಕ ಮಿರ್ಚಿ ಭಜಿ ಕರಿಯುತ್ತಿದ್ದಳು. ಗೌರೀಶನ ಫೋನ್ ಬಂದ ದಿನ ಎಷ್ಟು ಖುಷಿಯಾಗಿದ್ದಳೆಂದರೆ ಒಂದು ಬಾಣಲೆ ಭಜಿ ಕರಕಲಾಯಿತು. "ಎದುರಿಗೆ ಯಾರು?" ಎಂಬುದೊಂದೇ ಅವಳು ಕೇಳಿದ್ದು. "ಊದುವವರೊಬ್ಬರು" ಎಂದು ಅವನು ಹೇಳಿದ್ದ. ಅಷ್ಟು ಸಾಕಾಗಿತ್ತು ಅವಳಿಗೆ.

ಮರುದಿನ ಮುಂಜಾನೆ ಅವಳ ಅಂಗಡಿಯ ಮುಂದೆ ಕಾರು ನಿಂತು ಗೌರೀಶ, ಸಿಫೊ ಇಬ್ಬರೂ ಇಳಿದರು. ರಾಮದುರ್ಗದ ಬಸ್ಸಿಗೆ ಕಾದಿದ್ದವರೆಲ್ಲ ಈ ಕಡೆ ತಿರುಗಿದರು.

"ಹಳಿಯಾಳ ಕಡೀ ಸಿದ್ದಿ ಮಂದಿ ಏನ್ರಿ ಇವರು?" ಎಂದು ರುಮಾಲಿನವನೊಬ್ಬ ಗೌರೀಶನನ್ನು ಕೇಳಿದ.

"ಅಲ್ರಿ, ಆಫ್ರಿಕಾದವರು."

"ಅವರ ಹಿರೇರೂ ಅಲ್ಲಿಯವರಽ ಅಲ್ರಿ," ಎಂದು ಅವನು ತೃಪ್ತಿಯಿಂದ ತಲೆಯಾಡಿಸಿ ಎಲೆಯಡಿಕೆ ಹಾಕಿಕೊಂಡ.

ಖತಿಜಾಬಿ ತಲೆಯೆತ್ತಲಿಲ್ಲ. ಆದರೆ ಅಂಗಡಿಗೆ ಬಂದವರನ್ನು ಬರಿಗೈಲಿ ಕಳಿಸುವವರ ಪೈಕಿಯಲ್ಲ ಅವಳು. ಹಾಳೆಯ ಮೇಲೆ ಮಿರ್ಚಿ ಹಾಕಿ ಮುಂದೆ ತಳ್ಳಿದಳು. ಸಿಫೊ ಒಂದನ್ನು ಪೂರಾ ಬಾಯಿಗಿಟ್ಟ. ಕಣ್ಣಲ್ಲಿ ನೀರು ಬಂತು, ಮೂಗು ಸೋರಿತು, ಕುಡಿಯಲು ನೀರು ಕೊಟ್ಟರೆ ಬೇಡವೆಂದು ಕೈಯಾಡಿಸಿ ಎರಡನೆಯದಕ್ಕೆ ಕೈ ಹಾಕಿದ. ಅದನ್ನು ಓರೆಗಣ್ಣಿನಿಂದ ನೋಡಿ ಅವಳ ಸಿಟ್ಟು ಸ್ವಲ್ಪ ಇಳಿಯಿತೆಂದೇ ಹೇಳಬೇಕು.

"ಅವ್ವಾರ, ಅವರು ಹೇಳೂದು ಒಮ್ಮೆ ಕೇಳ್ರಿ," ಎಂದ ಗೌರೀಶ. "ಅವರ ಕಡೆ ಒಬ್ಬರು ಹಾಡಿದ್ದನ್ನ ಇನ್ನೊಬ್ಬರು ಮೊದಲ ತಿರುಗಿ ಊದಿ ತೋರಸತಾರಂತ. ನಿನ್ನ ಮಾತು ಕೇಳಿಸ್ಕೊಂಡೆ ಅಂತ ಹೇಳೂದು ಹಂಗರಿ. ಕೇಳಿಸ್ಕೊಳ್ಳಲಾರದ ತಂದಽ ಸುರು ಮಾಡಿದ್ರ ಅದು ಮರ್ಯಾದಿ ಅಲ್ಲಂತ."

ಅವಳು ಝಾರಿಯಿಂದ ಭಜಿ ಮಗುಚಿದಳು. "ಆತು. ಕೇಳಿಸ್ಕೊಂಡ ಮ್ಯಾಲ?"

ಗೌರೀಶ ಇಂಗ್ಲಿಷಿನಲ್ಲಿ ಕೇಳಿ ತಿರುಗಿದ. "ಕೇಳಿಸ್ಕೊಂಡ ಮ್ಯಾಲ ತಮ್ಮ ಮಾತು ಹೇಳತಾರಂತ."

"ಮತ್ತ ನಿನ್ನಿ ಯಾಕ ಹೇಳಲಿಲ್ಲ?"

ಇದನ್ನು ಗೌರೀಶ ಒಮ್ಮೆಲೇ ಕೇಳಲಿಲ್ಲ. ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. "ಕೇಳು," ಎಂದು ಅವಳು ಝಾರಿಯನ್ನು ಬಾಣಲೆಯ ಅಂಚಿಗೆ ಠಣ್ಣೆಂದು ಹೊಡೆದ ಮೇಲೆ ಕೇಳಿದ. ಸಿಫೊ ಅರ್ಧ ತಿಂದ ಮಿರ್ಚಿಯನ್ನು ಗೌರೀಶನ ಎದೆಯ ಕಡೆ ತೋರಿಸಿ ಏನೋ ಅಂದು, ಜೋರಾಗಿ ನಕ್ಕ.

"ಏನಂದ?"

"ಅಲ್ಲಿ ನಿಲ್ಲಸ್ರಿ ಅಂತ... ಅವರಿಗೆ ನಾನಽ ಬರಕೊಟ್ಟೇನಿ, ಅದನ್ನಽ ಹೇಳಿದ್ರು."

ಸೋಮವ್ವ ಈರುಳ್ಳಿ ಹೆಚ್ಚುತ್ತ ಕುಳಿತಿದ್ದವಳು ಮುಸಿಮುಸಿ ನಕ್ಕಳು. ಗೌರೀಶ ಕೆಟ್ಟ ಹುಡುಗನೇನಲ್ಲ. ಪಾಪ, ತಿಂಗಳುಗಟ್ಟಲೆ ತಲೆಕೆಡಿಸಿಕೊಂಡು ಇದನ್ನು ಕಟ್ಟಿದ್ದ. ಮೊದಲು ಖತಿಜಾಬಿಯ ನಾಲ್ಕು ಸಾಲು, ಅದನ್ನೇ ಸಿಫೊ ಊದುವುದು, ಆಮೇಲೆ ಅವಳು ಸುಮ್ಮನೆ ಕುಳಿತಿರುವುದು, ಬ್ಯಾಂಡಿನವರದೇ ದೊಡ್ಡದೊಂದು ಭಾಗ, ಕೊನೆಗೆ ಮತ್ತೆ ಅವಳ ನಾಲ್ಕು ಸಾಲು. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಮದುವೆಯಲ್ಲಿ ಹಿರಿಯರನ್ನು ಕರೆದು ಎಲೆಯ ಮುಂದೆ ಕೂರಿಸಿ, ಬಡಿಸದೆ ಬಿಟ್ಟಂತೆ ಎಂದು ಮಾತ್ರ ಅವಳಿಗೆ ಅನಿಸಿತು.

"ನಾ ಸವಾಲ ಹಾಕ್ತೇನಿ. ಅವಾ ಕೇಳಿಸ್ಕೊಂಡೇನಿ ಅನ್ಲಿ, ಬ್ಯಾಡನ್ನಂಗಿಲ್ಲ. ಆಮ್ಯಾಲ ಜವಾಬ ಕೊಡಬೇಕು. ಅವನ ಜವಾಬಿಗೆ ನಾ ಮತ್ತ ಹಾಕ್ತೇನಿ."

"ಹಂಗ ಸುರುವಾತಂದ್ರ ಮುಗಿಯೂದು ಯಾವಾಗ್ರಿ ಅವ್ವಾರ?"

"ಒಬ್ಬರು ಸೋತಾಗ."

"ಅಯ್ಯ ಶಿವನ! ಮುಂದ ಭಾಷಣ ಅದಾವು, ಬ್ಯಾರೆ ಐಟಮ್ ಅದಾವು. ಬೈಲಹೊಂಗಲದಾಗ ಪೋಸ್ಟರ್ ಹಚ್ಚಿಬಿಟ್ಟೇವಿ. ನಾ ಕೈ ಎತ್ತಿದ ಕೂಡ್ಲೇ ನೀವು ನಿಲ್ಲಸಬೇಕ್ರಿ. ಅದಕ್ಕ ಒಪ್ಪಿಗಿ ಇಲ್ಲಂದ್ರ ಹಾಡಕೀನ ಬಿಟ್ಟು ಉಳಿದದ್ದಷ್ಟ ಮಾಡತೇವಿ. ನನಗೂ ಬ್ಯಾಸರ ಆಗತೈತಿ, ಏನ್ಮಾಡ್ಲಿ?"

ಖತಿಜಾಬಿ ಸಿಫೊನ ಕಡೆ ನೋಡಿದಳು. ಅವನು ಮೂರನೆಯ ಮಿರ್ಚಿ ಮುಗಿಸಿ, ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನಿನ್ನೆ ಅವಳು ಹಾಡಿದ್ದ ಸಾಲನ್ನು ಬಾಯಲ್ಲೇ ಗುನುಗಿದ. ಆದರೆ ಈ ಸಲ ಅಲ್ಲಿಗೆ ನಿಲ್ಲಿಸದೆ ತುದಿಯನ್ನು ಮೇಲಕ್ಕೆ ಕೊಕ್ಕೆಯಂತೆ ಬಾಗಿಸಿ, ಅವಳ ಮುಖ ನೋಡುತ್ತ ಬಿಟ್ಟುಬಿಟ್ಟ. ಖತಿಜಾಬಿಯ ಕೈ ತಾನಾಗಿ ಹಿಟ್ಟಿನ ಬುಟ್ಟಿಯ ಮೇಲೆ ಒಂದು ಪೆಟ್ಟು ಹಾಕಿತು.

"ಬರತೇನಿ," ಎಂದಳು.

ಗೌರೀಶ ಎದೆ ಹಗುರಾಗಿ ಕಾರು ಹತ್ತಿದ. ಹೆಂಗಸು ಬರುತ್ತೇನೆ ಎಂದಿದ್ದಳೇ ಹೊರತು ನಿಲ್ಲಿಸುತ್ತೇನೆ ಎಂದಿರಲಿಲ್ಲ. ಅಷ್ಟು ತಿಳಿಯದವನು ಹಾಡಕಿಯವರ ಸಹವಾಸ ಮಾಡಬಾರದು.

ಮಧ್ಯಾಹ್ನ ಅಂಗಡಿಯನ್ನು ಸೊಸೆ ಮುಸ್ಕಾನ್‌ಳಿಗೆ ಬಿಟ್ಟು ಅವಳು ವೀಳ್ಯದೆಲೆ, ಇಡಿ ಅಡಿಕೆ ಕಟ್ಟಿಸಿಕೊಂಡಳು. ಸೋಮವ್ವನಿಗೆ ಎಲ್ಲಿಗೆಂದು ಹೊಳೆದುಬಿಟ್ಟಿತು.

"ಸಾಲಹಳ್ಳಿಗೇನ? ಆ ಮುದುಕನ ಹಂತ್ಯಾಕ ಯಾಕವಾ, ಸುಮ್ಮನ ಹಾಡಿ ಬಂದ್ರಾತು."

"ಜೋಡಿ ಬಿಡಿಸ್ಕೊಳ್ಳಾರದ ಹೆಂಗ ಹಾಡ್ಲಿ?"

ಅದೊಂದು ಕಟ್ಟಳೆ. ಹಾಡಕಿಯವರಿಬ್ಬರು ತಮ್ಮ ಹಿರಿಯರ ಮುಂದೆ ವೀಳ್ಯ ಬದಲಿಸಿಕೊಂಡು ಜೋಡಿಯಾದರೆಂದರೆ ಒಬ್ಬರು ಬಿಟ್ಟುಕೊಡುವ ತನಕ ಇನ್ನೊಬ್ಬರು ಸಭೆಯಲ್ಲಿ ಬೇರೆಯವರ ಎದುರು ಸವಾಲು ಹಾಕುವಂತಿಲ್ಲ. ಖತಿಜಾಬಿಯೂ ನಿಜಗುಣಪ್ಪನೂ ಹರೆಯದಲ್ಲಿ ಜೋಡಿಯಾದವರು. ಹಾಡಕಿಗೆ ನಿಂತಾಗ 'ಲೇ', 'ಬಾರಲೇ' ಎಂದು ಒಬ್ಬರ ವಂಶವನ್ನೊಬ್ಬರು ಜಾಲಾಡುವರು. ಕೆಳಗಿಳಿದರೆ ಅವಳಿಗೆ ಅವನು ಅಣ್ಣ, ಅವನಿಗೆ ಅವಳು ತಂಗಿ. ಸಾಬರಾಕಿ ಶಕ್ತಿಯ ಪುರಾಣ ಹಾಡುವುದೇನು ಎಂದು ಯಾರಾದರೂ ಕೊಂಕು ತೆಗೆದರೆ ಅವಳಿಗಿಂತ ಮೊದಲು ಅವನೇ ಜಗಳಕ್ಕೆ ನಿಲ್ಲುತ್ತಿದ್ದ. "ಡಪ್ಪು ಹಿಡದಾಗ ನಾ ಹೆಣ್ಣಿನ ಕಡಿ, ಮುಗೀತು," ಎಂದು ಅವಳು ಆಮೇಲೆ ಹೇಳುತ್ತಿದ್ದಳು.

ನಿಜಗುಣಪ್ಪ ಈಗ ಮಗನ ಹಿಟ್ಟಿನ ಗಿರಣಿಯಲ್ಲಿ ಕುಳಿತಿರುತ್ತಾನೆ. ಗಿರಣಿಯ ಸಪ್ಪಳದಲ್ಲಿ ಯಾರ ದನಿಯೂ ಯಾರಿಗೂ ಕೇಳುವುದಿಲ್ಲ, ಎಲ್ಲರೂ ಕೈಸನ್ನೆ, ತುಟಿಸನ್ನೆಯಲ್ಲೇ ವ್ಯವಹಾರ ಮಾಡುತ್ತಾರೆ. ಅಲ್ಲಿ ಅವನು ಯಾರಿಗೂ ಕಡಿಮೆಯಲ್ಲ. ಹುಬ್ಬಿನ ತುಂಬ ಜೋಳದ ಹಿಟ್ಟು ಹತ್ತಿಸಿಕೊಂಡು ಕಟ್ಟೆಯ ಮೇಲೆ ಕುಳಿತವನ ಮುಂದೆ ಅವಳು ವೀಳ್ಯ ಇಟ್ಟಳು.

"ಅಣ್ಣಾ, ಜೋಡಿ ಬಿಡು," ಎಂದು ಸಪ್ಪಳಕ್ಕೆ ಮೀರಿ ಕೂಗಿದಳು.

ಅವನ ತುಟಿ ಆಡಿತು. ಎದುರಿಗೆ ನಿಂತು ಅವನ ತುಟಿಯನ್ನು ಓದಿ ಓದಿ ಅಷ್ಟು ವರ್ಷ ಜವಾಬು ಕಟ್ಟಿದವಳಿಗೆ ದನಿ ಬೇಕಾಗಿರಲಿಲ್ಲ. ಯಾರ ಕೂಡ ಹಾಡತೀ ಎಂದು ಕೇಳುತ್ತಿದ್ದ.

"ಆಫ್ರಿಕಾದಾವ ಒಬ್ಬಾವ ಬಂದಾನ. ಊದತಾನ. ಹಿತ್ತಾಳಿದು, ಇಷ್ಟುದ್ದಂದು."

ಮಾತಿಲ್ಲದವನ ಕೂಡ ಎಂಥಾ ಹಾಡಕಿ, ಎಂದವು ತುಟಿಗಳು. ಅವನ ಮುಖದಲ್ಲಿ ತಾತ್ಸಾರವಿತ್ತು.

"ನಿನ್ನ ಹಂತ್ಯಾಕರೆ ಏನೈತಿ? ದನೀನಽ ಇಲ್ಲ!"

ಅಂದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ನಿಜಗುಣಪ್ಪ ಬೇಸರ ಮಾಡಿಕೊಳ್ಳಲಿಲ್ಲ. ಗಂಟಲ ಮೇಲಿನ ಗಾಯದ ಗುರುತನ್ನು ಮುಟ್ಟಿಕೊಂಡು, ಹೋಗೇತಿ ಎಂಬಂತೆ ಕೈ ಬೀಸಿದ. ಹಣೆಗೆ ಬೆರಳು ಒತ್ತಿ, ಜವಾಬ ಹೋಗಿಲ್ಲ ಎಂದ.

ಖತಿಜಾಬಿಗೆ ತಾಳ್ಮೆ ತಪ್ಪಿತು. ಬರುವುದಿಲ್ಲ, ಬಿಡುವುದಿಲ್ಲ, ಸೋಲುವುದಿಲ್ಲ. ಇವನು ಹಿಟ್ಟು ಬಡಿದುಕೊಂಡು ಇಲ್ಲಿ ಕೂರುವುದು, ಅವಳು ಸಾಯುವ ತನಕ ಬಾಯಿ ಮುಚ್ಚಿಕೊಂಡು ಭಜಿ ಕರಿಯುವುದು, ಯಾವ ನ್ಯಾಯ ಇದು? "ಹಂಗಾರ ಬಂದು ಕೊಡು ಜವಾಬ! ಇಲ್ಲಾ, ಖತಿಜಾನ ಮುಂದ ಸೋತೇನಿ ಅನ್ನು!" ಎಂದು ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಚೀರಿದಳು. ಸರಿಯಾಗಿ ಆಗಲೇ ಕರೆಂಟು ಹೋಗಬೇಕೆ! ಗಿರಣಿ ಗಕ್ಕನೆ ನಿಂತು, 'ಸೋತೇನಿ ಅನ್ನು' ಎಂಬುದು ತಗಡಿನ ಸೂರಿಗೆಲ್ಲ ಬಡಿದು ಓಣಿಯ ತನಕ ಕೇಳಿಸಿತು. ಜೋಳದ ಚೀಲ ಹಿಡಿದು ನಿಂತಿದ್ದ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆ ನಿಶ್ಶಬ್ದದಲ್ಲಿ ನಿಜಗುಣಪ್ಪ ಬೆಳ್ಳಗಿನ ಬೆರಳುಗಳಿಂದ ವೀಳ್ಯವನ್ನು ಅವಳ ಕಡೆಗೇ ಸರಿಸಿದ.

"ಬಿಡಂಗಿಲ್ಲ," ಎಂದ. ಬರೀ ಗಾಳಿ, ಜೋಳದ ಒಣ ಸೊಪ್ಪೆ ಎಳೆದಂಥ ಸದ್ದು. ಆದರೂ ಎಲ್ಲರಿಗೂ ತಿಳಿಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಖತಿಜಾಬಿ ಸಿಟ್ಟಿಗೆ ಅತ್ತಳು. ಸೋಮವ್ವ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಳು. ರಾಮದುರ್ಗ ಬರುವ ಹೊತ್ತಿಗೆ ಅಳು ನಿಂತಿತ್ತು, ಬೆರಳು ಮುಂದಿನ ಸೀಟಿನ ಕಬ್ಬಿಣದ ಮೇಲೆ ಆಡತೊಡಗಿತ್ತು. ಅವಳು ಹೊಸ ಸವಾಲು ಕಟ್ಟುತ್ತಿದ್ದಳು.

"ಬಿಡದಿದ್ರ ಅಷ್ಟ ಹೋತು. ಹಾಡಾಕಿ ನಾ."

"ಜೋಡಿ ಮುರದಾಕಿ ಅಂತಾರ ಮಂದಿ."

"ಅನ್ಲಿ. ಭಜಿ ಮಾರಾಕಿ ಅನ್ನಸ್ಕೊಳ್ಳೂಕಿಂತ ಚಲೋ."

ಬೈಲಹೊಂಗಲಕ್ಕೆ ಹೋಗುವ ದಿನ ವ್ಯಾನು ಸವದತ್ತಿ ಗುಡ್ಡದ ಬುಡ ಹಾದು, ಮುನವಳ್ಳಿಯಲ್ಲಿ ಚಹಕ್ಕೆ ನಿಂತು, ಹತ್ತಿಯ ಹೊಲಗಳ ನಡುವೆ ಸಾಗಿತು. ಡ್ರಮ್ಮಿನ ಹುಡುಗ ಸೋಮವ್ವನಿಂದ 'ಗೀ ಗೀ' ಕಲಿಯುತ್ತಿದ್ದ. ಸಿಫೊ ನಿದ್ದೆ ಹೋಗಿದ್ದ. ಗೌರೀಶ ಮೂರು ಸಲ ಹಿಂದೆ ತಿರುಗಿ, "ಅವ್ವಾರ, ಕೈ ನೆನಪೈತೆಲ್ರಿ?" ಎಂದು ಕೇಳಿದ. "ಕೈ ಯಾಕ ಮರೀಲಿ ತಮ್ಮಾ," ಎಂದು ಅವಳು ಪ್ರತಿ ಸಲವೂ ನಯವಾಗಿ ಹೇಳಿದಳು.

ಮೈದಾನದಲ್ಲಿ ಮುಂದೆ ಸೋಫಾ, ಅದರಲ್ಲಿ ಶಾಲು ಹೊದ್ದ ಅತಿಥಿಗಳು. ನಡುವೆ ಮೊಬೈಲ್ ಎತ್ತಿ ಹಿಡಿದ ಕಾಲೇಜಿನ ಹುಡುಗರು. ಹಿಂದೆ, ನೆಲದ ಮೇಲೆ, ಯಾರೂ ಕರೆಯದೆ ಬಂದವರು: ನಾಗೇಸಿ ಹಾಡುತ್ತಾಳಂತೆ ಎಂಬ ಸುದ್ದಿ ಹಿಡಿದು ಹಳ್ಳಿ ಹಳ್ಳಿಯಿಂದ ಬಂದ ಮುದುಕ ಮುದುಕಿಯರು, ತಲೆಗೆ ಟವೆಲ್ ಸುತ್ತಿಕೊಂಡು, ಬುತ್ತಿ ಗಂಟು ಮಗ್ಗುಲಿಗಿಟ್ಟುಕೊಂಡು. ಖತಿಜಾಬಿ ಹಸಿರು ಇಳಕಲ್ ಸೀರೆ ಉಟ್ಟು, ಡಪ್ಪಿಗೆ ನಾಗೇಸಿಯ ಗುರುತಾದ ಕಲ್ಗಿ, ಕೆಂಪು ಕುಚ್ಚು, ಕಟ್ಟಿ ವೇದಿಕೆ ಹತ್ತಿದಾಗ ಹಿಂದಿನ ಆ ಗುಂಪಿನಿಂದ ಒಂದು ಸಿಳ್ಳೆ ಬಂತು. ಅವಳಿಗೆ ಇಷ್ಟು ವರ್ಷ ತಾನು ಬದುಕಿಯೇ ಇರಲಿಲ್ಲವೇನೋ ಅನಿಸಿತು.

ಗೌರೀಶ ಒಪ್ಪಿಕೊಂಡಿದ್ದ ನಾಲ್ಕು ಸಾಲು ದೇವಿಯ ಸ್ತುತಿ. ಅವಳು ಅದನ್ನು ಹಾಡಲಿಲ್ಲ. ಡಪ್ಪು ಎದೆಗಿಟ್ಟುಕೊಂಡು ನೇರವಾಗಿ ಸಿಫೊನ ಕಡೆ ತಿರುಗಿ ನಿಂತಳು.

"ಹಿತ್ತಾಳಿ ಕೊಳವಿ ಹೊತ್ತು ಬಂದವನ, ನಿಂದೇನೈತೋ ಇದರಾಗ?
ಊದೂ ಉಸರು ಒಡಲಾಗ ಇಟ್ಟಾಕಿ ಯಾರು ಹೇಳೋ ಸಭಾದಾಗ?"

"ಗೀ ಗೀ ಗಾ ಗಾ ಗೀಗೀ," ಎಂದಳು ಸೋಮವ್ವ, ಅವಳ ಹಿಂದೆ ಡ್ರಮ್ಮಿನ ಹುಡುಗನೂ ಅಂದುಬಿಟ್ಟ. ಹಿಂದಿನ ಗುಂಪು ಹೋ ಎಂದಿತು. ಸಿಫೊ ಅದೇ ರಾಗವನ್ನು ತಿರುಗಿ ಊದಿದ. ಕೇಳಿಸಿಕೊಂಡೆ, ಎಂದ. ಈ ಸಲ ಅವಳು ತಲೆಯಾಡಿಸಿದಳು.

ಪರದೆಯ ಮಗ್ಗುಲಲ್ಲಿ ಗೌರೀಶನ ಕೈ ಮೇಲೆದ್ದಿತು. ಖತಿಜಾಬಿ ಕಂಡಳು. ಕಂಡಿಲ್ಲವೆಂದು ಸುಳ್ಳಾಡುವ ಹೆಂಗಸಲ್ಲ ಅವಳು. ಆ ಕೈಯನ್ನು ನೋಡುತ್ತಲೇ ಡಪ್ಪು ಬಡಿದು, ಎರಡನೆಯ ಸಾಲನ್ನು ಇನ್ನೂ ಏರಿಸಿ ಸಿಫೊನ ಮುಂದಿಟ್ಟಳು. 'ಯಾರು ಹೇಳೋ ಸಭಾದಾಗ?' ಕೀಬೋರ್ಡಿನ ಹುಡುಗಿ ಮುಂದಿನ ಭಾಗ ಶುರು ಮಾಡಲು ಹೋಗಿ ಕೈ ಹಿಂದೆಗೆದಳು. ಸಿಫೊ ಗೌರೀಶನ ಕಡೆ ನೋಡಿದ, ಇವಳ ಕಡೆ ನೋಡಿದ, ಕಣ್ಣು ಮುಚ್ಚಿ ತನ್ನ ಮಾತು ಊದಿದ. ಯಾವುದೋ ಸಮುದ್ರದ ದಂಡೆಯದು, ಯಾರನ್ನೋ ಕಳೆದುಕೊಂಡದ್ದು. ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೋಫಾದವರು ಚಪ್ಪಾಳೆ ತಟ್ಟಿದರು.

ಆದರೆ ಹಾಡಕಿ ಕೇಳಿ ಬೆಳೆದವರು ಅಷ್ಟಕ್ಕೆ ಬಿಡುತ್ತಾರೆಯೆ?

"ಚಲೋ ಊದಿದ, ಖರೆ. ಜವಾಬ ಎಲ್ಲೈತ್ರಿ?" ಎಂದ ಒಬ್ಬ.

"ಉಸರು ಯಾರು ಕೊಟ್ಟಾರಂತ ಹೇಳ್ಲೇ ಇಲ್ಲಲ್ಲ!"

"ಜವಾಬ! ಜವಾಬ!"

ಖತಿಜಾಬಿ ಡಪ್ಪು ತಗ್ಗಿಸಿದಳು. ಅವಳಿಗೂ ಅದೇ ಅನಿಸಿತ್ತು. ಅವನ ಊದು ಅವಳಿಗೂ ಮುಟ್ಟಿತ್ತು, ಆದರೆ ಹಿಡಿದು ಜಗ್ಗಾಡಲು ಒಂದು ಮಾತು ಬೇಕಲ್ಲ? ಸಿಕ್ಕ ಸಂದಿನಲ್ಲಿ ಗೌರೀಶ ಮೈ ಬಗ್ಗಿಸಿಕೊಂಡು ಮೈಕಿನ ಕಡೆ ಬಂದು, "ಧನ್ಯವಾದಗಳು, ಈಗ ನಮ್ಮ ಮುಂದಿನ..." ಎಂದು ಶುರು ಮಾಡಿದ.

"ತಮ್ಮಾ!" ಎಂದಳು ಅವಳು. ಅವಳಿಗೆ ಮೈಕು ಬೇಕಿರಲಿಲ್ಲ. "ಸವಾಲ ಹಾಕೇನಿ. ಜವಾಬ ಬರೂಮಟ ನಡುವ ದಾಟಬ್ಯಾಡ."

ಗೌರೀಶ ಇದ್ದಲ್ಲೇ ನಿಂತ. ಸೋಫಾದಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು. ಹಿಂದಿನ ಗುಂಪು ಪಿಸುಗುಟ್ಟುತ್ತ ಎರಡಾಗಿ ಸೀಳಿತು. ಅದರ ನಡುವಿನಿಂದ ಒಬ್ಬ ಮುದುಕ, ಇಸ್ತ್ರಿ ಮಾಡಿದ ಧೋತರ ಉಟ್ಟು, ಹಳದಿ ರುಮಾಲು ಸುತ್ತಿ, ಯಾರ ಅಪ್ಪಣೆಯನ್ನೂ ಕೇಳದೆ ನಡೆದು ಬಂದ. "ಸಾಲಹಳ್ಳಿ ನಿಜಗುಣಪ್ಪ!" ಎಂದು ಯಾರೋ ಕೂಗಿದರು. ಮೆಟ್ಟಿಲಲ್ಲಿ ತಡೆಯಲು ಬಂದ ಹುಡುಗನನ್ನು ಅವನು ಮಡಚಿದ ಕೊಡೆಯಿಂದ ಮೆಲ್ಲಗೆ ಬದಿಗೆ ಸರಿಸಿದ.

ಖತಿಜಾಬಿಯ ಕಡೆ ನೋಡಲೂ ಇಲ್ಲ. ಸೀದಾ ಸಿಫೊನ ಹಿಂದೆ ಹೋಗಿ ನಿಂತ. ಕೈಯಲ್ಲಿ ಡಪ್ಪಿರಲಿಲ್ಲ, ಬಲಗೈ ಬಿಚ್ಚಿ ಸಿಫೊನ ಬೆನ್ನ ಮೇಲೆ ಬಡಿದ. ಸಿಫೊ ಬೆಚ್ಚಿ ಹೊರಳಿದ. ಮುದುಕ ಅವನ ಹೆಗಲು ಹಿಡಿದು ಮತ್ತೆ ಎದುರಿಗೆ ತಿರುಗಿಸಿ, ಇನ್ನೊಮ್ಮೆ ಬಡಿದ. ಧಿಂ, ಧಿಂತ, ಧಿಂ. ಹರದೇಸಿಯ ನಡೆ. ಸಿಫೊ ಉಸಿರು ಹಿಡಿದು ಬೆನ್ನಿನಲ್ಲೇ ಅದನ್ನು ಕೇಳಿಸಿಕೊಂಡ; ಆಮೇಲೆ ಸ್ಯಾಕ್ಸೊಫೋನ್ ಮೇಲೆತ್ತಿ ಆ ಪೆಟ್ಟಿನ ಮೇಲೆ ಪೆಟ್ಟು ಬೀಳುವ ಹಾಗೆ ಊದತೊಡಗಿದ. ಅವನ ಹೆಗಲ ಮೇಲಿನಿಂದ ಕಾಣುತ್ತಿದ್ದ ನಿಜಗುಣಪ್ಪನ ತುಟಿಗಳು ಆಡುತ್ತಿದ್ದವು.

ದನಿಯಿಲ್ಲದ ಆ ತುಟಿಗಳ ಮಾತು ಆ ಮೈದಾನದಲ್ಲಿ ಒಬ್ಬಳಿಗಷ್ಟೇ ತಿಳಿಯಿತು. ಒಂದೊಂದಕ್ಷರವೂ ತಿಳಿಯಿತು. ಒಳ್ಳೆಯ ಜವಾಬು, ಹಲ್ಕಟ್ ಮುದುಕ, ಭಾರಿ ಜವಾಬು! ರುಮಾಲಿನೊಳಗಿನ ತಲೆ ತುಕ್ಕು ಹಿಡಿದಿರಲೇ ಇಲ್ಲ.

ಊದು ನಿಂತಿತು. "ಏನಂದ? ಏನಂದ್ರಿ?" ಎಂದು ಜನ ಕೇಳಿದರು. "ಬಾಯಿ ಆಡಸಿದ, ಏನೂ ಕೇಳಲಿಲ್ಲ." "ಜವಾಬ ಬರಲಿಲ್ಲಂದ್ರ ನಾಗೇಸಿ ಗೆದ್ಲು!" ಹಿಂದಿನಿಂದ ಚಪ್ಪಾಳೆಯೂ ಶುರುವಾಯಿತು. ನಿಜಗುಣಪ್ಪ ಬಾಯಿ ತೆರೆದ. ಗಾಳಿ ಬಂತು. ಮತ್ತೆ ತೆರೆದ. ಅವನ ಮುಖ ಕಪ್ಪಿಟ್ಟಿತು.

ಖತಿಜಾಬಿ ಸುಮ್ಮನೆ ನಿಂತಿದ್ದರೆ ಆಗಿಹೋಗಿತ್ತು. ಹರೆಯದಿಂದ ಬೆನ್ನುಹತ್ತಿದ್ದ ಗೆಲುವು, ಅಷ್ಟು ಊರಿನವರ ಎದುರಿಗೆ, ಕಾಲ ಬುಡದಲ್ಲಿ ಬಿದ್ದಿತ್ತು. ಆಸೆ ಆಗಲಿಲ್ಲವೆ ಎಂದರೆ ಆಯಿತು, ಬಾಯಲ್ಲಿ ನೀರೂರುವಷ್ಟು ಆಯಿತು. ಗೌರೀಶನ ಕೈ ಮತ್ತೆ ಮೇಲೆ ಬಂದಿತ್ತು. ಇದೇ ಒಳ್ಳೆಯ ಕೊನೆ, ನಿಲ್ಲಿಸಿ ಎಂದು ಅದು ಬೇಡುತ್ತಿತ್ತು.

ಅವಳು ಡಪ್ಪನ್ನು ಎತ್ತಿ ಹಿಡಿದಳು.

"ಸುಮ್ಮಕಿರ್ರೆಪಾ! ಜವಾಬ ಬಂದೈತಿ. ನಿಮಗ ಕೇಳಸಿಲ್ಲ, ನನಗ ಕೇಳಸೇತಿ. ಹರದೇಸಿ ಏನಂತಾನಂದ್ರ..."

ಹರದೇಸಿಯ ನಡೆಯಲ್ಲೇ, ಗಂಡುದನಿಯ ಗತ್ತಿನಲ್ಲೇ, ತನ್ನ ಜೀವಮಾನದಲ್ಲಿ ಒಮ್ಮೆಯೂ ಬಾಯಿಗೆ ತಂದುಕೊಳ್ಳದ ಪಕ್ಷವನ್ನು ಅವಳು ಹಾಡಿದಳು. ಒಂದಕ್ಷರ ಕಡಿಮೆ ಮಾಡಲಿಲ್ಲ, ಒಂದು ಮೊನೆ ಮೊಂಡು ಮಾಡಲಿಲ್ಲ.

"ಉಸರು ಆಕೀದು ಹೌದಂತೇನಿ, ಉಸರಿಗೆ ದಾರಿ ಯಾರದವ್ವ?
ಕೊಳವಿ ಕೊರದು ತೂತು ತಗದಾವ ಗಂಡಲ್ಲೇನು ಹೇಳವ್ವ?"

ಸೋಮವ್ವ ಬಾಯಿ ತೆರೆದುಕೊಂಡು ಕುಳಿತಿದ್ದಳು. ಎದುರಿನವರ ಸಾಲಿಗೆ 'ಗೀ ಗೀ' ಎಂದು ಅವಳಿಗೆ ರೂಢಿಯಿಲ್ಲ. ಖತಿಜಾಬಿ ಹೊರಳಿ ಕಣ್ಣು ಕೆಕ್ಕರಿಸಿದಳು. "ಗೀ ಗೀ," ಎಂದಳು ಸೋಮವ್ವ ಗಡಬಡಿಸಿ. ಹಿಂದಿನ ಗುಂಪು ಎದ್ದು ನಿಂತಿತು, ಟವೆಲುಗಳು ಮೇಲೆ ಹಾರಿದವು, ಕಾಲೇಜಿನ ಹುಡುಗರು ಏನೂ ತಿಳಿಯದೆ ಅವರಿಗಿಂತ ಜೋರಾಗಿ ಕೂಗಿದರು. ಗೌರೀಶ ತನ್ನ ಕೈಯನ್ನು ಒಮ್ಮೆ ನೋಡಿಕೊಂಡು ಇಳಿಸಿ, ಸ್ಪೀಕರ್ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟ.

"ಕೇಳಸ್ತಲ್ಲ ಎಲ್ಲಾರಿಗೂ?" ಎಂದಳು ಖತಿಜಾಬಿ. ಸೆರಗನ್ನು ಸೊಂಟಕ್ಕೆ ಬಿಗಿದಳು. "ಲೇ ಹರದೇಸೀ! ಭಾಳ ಶ್ಯಾಣ್ಯಾ ಆಗಬ್ಯಾಡ. ಇನ್ನ ನಂದು ಕೇಳು."

ಸಿಫೊ ತುಟಿ ಒದ್ದೆ ಮಾಡಿಕೊಂಡ. ಬೆವರಿಗೆ ತೊಯ್ದ ಅವನ ಅಂಗಿಯ ಮೇಲೆ ಐದು ಬೆರಳಿನ ಗುರುತು ಮೂಡಿತ್ತು. ಅವನು ಅರ್ಧ ಹೆಜ್ಜೆ ಹಿಂದೆ ಸರಿದು, ಮುದುಕನ ಅಂಗೈಗೆ ಬೆನ್ನು ಕೊಟ್ಟು ನಿಂತ.